ಅಬಲೂರಿನ ಎರಡು ನೆನಪುಗಳು

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರು ದೊಡ್ಡ ಊರೇನಲ್ಲ. ಆದರೆ ಕನ್ನಡ ನಾಡಿನ ನೆನಪಿನಲ್ಲಿ ಅದಕ್ಕಿರುವ ಜಾಗ ಅದರ ವಿಸ್ತೀರ್ಣಕ್ಕಿಂತ ಬಹಳ ದೊಡ್ಡದು. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ. ತ್ರಿಪದಿಯ ಸರ್ವಜ್ಞ ಹುಟ್ಟಿದ್ದು ಇದೇ ಊರಿನಲ್ಲಿ ಎಂದು ಜನ ಹೇಳುತ್ತಾರೆ. ಒಂದು ಕಲ್ಲಿನ ನೆನಪು, ಇನ್ನೊಂದು ಬಾಯಿಯ ನೆನಪು. ಮನುಷ್ಯನ ಮನಸ್ಸು ಹೇಗೆ ನೆನಪಿಡುತ್ತದೆ, ಹೇಗೆ ಮರೆಯುತ್ತದೆ, ತಾನು ಅರಿಯದೆಯೇ ಏನನ್ನೆಲ್ಲ ಹೊತ್ತು ತಿರುಗುತ್ತದೆ ಎಂಬುದನ್ನು ವಿಚಾರ ಮಾಡಲು ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ಮೊದಲು ಕಲ್ಲಿನ ಮಾತು. ಅಬಲೂರಿನ ಶಾಸನಗಳನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ಆಗ ಈ ಊರು ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕಿಗೆ ಸೇರಿತ್ತು. ರಾಮಯ್ಯನ ಶಾಸನ ಸುಮಾರು ಕ್ರಿ.ಶ. 1200ರ ಆಸುಪಾಸಿನದು. ಅದು ಹೇಳುವ ಕಥೆ ಹೀಗಿದೆ: ಆಳಂದದಲ್ಲಿ ಹುಟ್ಟಿದ ಶಿವಭಕ್ತ ರಾಮಯ್ಯ ಪುಲಿಗೆರೆಗೆ, ಎಂದರೆ ಈಗಿನ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಂದ ಅಬ್ಬಲೂರಿಗೆ ಬರುತ್ತಾನೆ. ಊರಿನ ಸಂಕಗಾವುಂಡನೇ ಮೊದಲಾದ ಜೈನರಿಗೂ ಅವನಿಗೂ ವಾದ ಬೆಳೆಯುತ್ತದೆ. ತನ್ನ ತಲೆಯನ್ನು ಕತ್ತರಿಸಿ ಶಿವನಿಗೆ ಒಪ್ಪಿಸಿ ಮತ್ತೆ ಪಡೆಯುತ್ತೇನೆ, ಪಡೆದರೆ ಬಸದಿಯ ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸಬೇಕು ಎಂಬುದು ಪಂಥ. ಅದಕ್ಕೆ ಓಲೆಯನ್ನೂ ಬರೆಸಿಕೊಳ್ಳುತ್ತಾನೆ. ತಲೆ ಬೀಳುತ್ತದೆ, ಏಳನೆಯ ದಿನ ಗಾಯದ ಕಲೆಯೂ ಉಳಿಯದಂತೆ ಕೂಡಿಕೊಳ್ಳುತ್ತದೆ. ಜೈನರು ಮಾತು ನಡೆಸಿಕೊಡಲಿಲ್ಲವೆಂದು ರಾಮಯ್ಯ ಬಿಂಬವನ್ನು ಒಡೆಯುತ್ತಾನೆ. ದೂರು ಬಿಜ್ಜಳನವರೆಗೆ ಹೋಗುತ್ತದೆ. ಬಿಜ್ಜಳ ರಾಮಯ್ಯನಿಗೇ ಜಯಪತ್ರ ಕೊಡುತ್ತಾನೆ. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರ ಅಬ್ಬಲೂರನ್ನೂ, ಹಾನಗಲ್ಲಿನ ಕದಂಬ ಕಾಮದೇವ ಮಲ್ಲವಳ್ಳಿ ಎಂಬ ಗ್ರಾಮವನ್ನೂ ದೇವರಿಗೆ ಬಿಟ್ಟುಕೊಡುತ್ತಾರೆ. ಗುಡಿಯಲ್ಲಿ ಈ ಘಟನೆಯ ಶಿಲ್ಪಗಳೂ ಅವುಗಳ ಜೊತೆಗೆ ಸಣ್ಣ ಬರಹಗಳೂ ಇವೆ.

ತಲೆ ಕತ್ತರಿಸಿ ಕೂಡಿಕೊಂಡದ್ದು ನಿಜವೇ ಎಂದು ಕೇಳುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಗಮನಿಸಬೇಕಾದದ್ದು ಬೇರೆ. ಬಿಜ್ಜಳ ಆಳಿದ್ದು 1160ರ ಆಸುಪಾಸಿನಲ್ಲಿ; ಶಾಸನ ಹುಟ್ಟಿದ್ದು ಅದಾದ ಸುಮಾರು ಒಂದು ತಲೆಮಾರಿನ ನಂತರ. ಚಿಕ್ಕಂದಿನಲ್ಲಿ ಜಗಳವನ್ನು ಕಣ್ಣಾರೆ ಕಂಡವರು ಕೆಲವರಾದರೂ ಊರಿನಲ್ಲಿ ಇನ್ನೂ ಬದುಕಿದ್ದಿರಬಹುದಾದ ಕಾಲ ಅದು. ಅಷ್ಟರೊಳಗೆ ಘಟನೆಗೆ ಆದಿ, ಮಧ್ಯ, ಅಂತ್ಯಗಳೆಲ್ಲ ಬಂದು, ಅದು ಕಥೆಯಾಗಿ ನಿಂತುಬಿಟ್ಟಿದೆ. ಗೆದ್ದವರ ದಾನಪತ್ರವಾಗಿ ನಿಂತಿದೆ ಎಂಬುದನ್ನೂ ಮರೆಯಬಾರದು. ಬಸದಿಯನ್ನು ಕಳೆದುಕೊಂಡವರು ಆ ದಿನವನ್ನು ಹೇಗೆ ನೆನೆದರೆಂಬುದು ಈ ಕಲ್ಲಿನಲ್ಲಿ ಇಲ್ಲ. ಕಲ್ಲು ಮರೆಯುವುದಿಲ್ಲ ಎನ್ನುತ್ತೇವೆ. ಆದರೆ ಅದರ ಮೇಲೆ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಿದ್ದು ಮನುಷ್ಯನ ಮನಸ್ಸೇ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹರಿಹರನ ಹೆಸರಿನಲ್ಲಿ ಏಕಾಂತರಾಮಿತಂದೆಯ ರಗಳೆ ಬಂತು. ತೆಲುಗಿನ ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ, ಅದನ್ನು 1369ರಲ್ಲಿ ಕನ್ನಡಕ್ಕೆ ತಂದ ಭೀಮಕವಿಯ ಕೃತಿಯಲ್ಲಿ ರಾಮಯ್ಯ ಬಸವಣ್ಣನವರ ಸುತ್ತಲಿನ ಶರಣರ ವೃತ್ತಾಂತದೊಳಗೆ ಸೇರಿಕೊಂಡ. ಅಬಲೂರಿನ ಶಾಸನದಲ್ಲಾದರೋ ಬಸವಣ್ಣನವರ ಹೆಸರೇ ಇಲ್ಲ. ಫ್ಲೀಟ್ ಇದನ್ನು ಎತ್ತಿ ತೋರಿಸಿದಾಗ ವಿದ್ವಾಂಸರಲ್ಲಿ ಚರ್ಚೆಯೂ ನಡೆಯಿತು. ಇದು ಯಾರೋ ಬೇಕೆಂದು ಮಾಡಿದ ಮೋಸವೆಂದು ತಿಳಿಯಬೇಕಾಗಿಲ್ಲ. ದೊಡ್ಡ ನದಿಯ ಬಳಿ ಹರಿಯುವ ಹಳ್ಳ ಕೊನೆಗೆ ನದಿಯನ್ನೇ ಸೇರುವಂತೆ, ಬಿಡಿ ನೆನಪು ದೊಡ್ಡ ನೆನಪಿನೊಳಗೆ ಹೋಗಿ ಸೇರುತ್ತದೆ. ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಚೌಕಟ್ಟು ಇರುತ್ತದೆ. ಹೊಸ ಕಥೆ ಆ ಚೌಕಟ್ಟಿಗೆ ತಕ್ಕಂತೆ ಮೈಯನ್ನು ಬಗ್ಗಿಸಿಕೊಳ್ಳುತ್ತದೆ.

ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್. 1932ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಭೂತದ ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟರು. ಕೆಲವು ಹೊತ್ತಾದ ಮೇಲೆ, ಕೆಲವು ದಿನಗಳಾದ ಮೇಲೆ, ಕೆಲವರಿಂದ ವರ್ಷಗಳಾದ ಮೇಲೂ ಹೇಳಿಸಿದರು. ಕಥೆಯ ದೋಣಿ ಅವರಿಗೆ ಪರಿಚಿತವಾದ ಬೇರೆ ಬಗೆಯ ದೋಣಿಯಾಯಿತು. ಕಡಲನಾಯಿಯ ಬೇಟೆ ಮೀನು ಹಿಡಿಯುವುದಾಯಿತು. ಅರ್ಥವಾಗದ ಭೂತಗಳು ಮೆಲ್ಲಗೆ ಜಾರಿಹೋದವು. ಹೇಳಿದವರಿಗೆ ಮಾತ್ರ ತಾವು ಕೇಳಿದ್ದನ್ನೇ ಹೇಳುತ್ತಿದ್ದೇವೆಂಬ ನಂಬಿಕೆ. ಬಾರ್ಟ್ಲೆಟ್ ಹೇಳಿದ್ದು ಇಷ್ಟು: ನೆನಪು ಎಂದರೆ ಪೆಟ್ಟಿಗೆಯಿಂದ ತೆಗೆಯುವ ಒಡವೆಯಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಮನೆ. ಹಳೆಯ ಕಂಬಗಳು ಕೆಲವು ಇರುತ್ತವೆ. ನಡುವಿನ ಗೋಡೆಯನ್ನು ಇಂದಿನ ಮಣ್ಣಿನಿಂದಲೇ ಎತ್ತಬೇಕು.

ನಮ್ಮ ಪ್ರಾಚೀನರಿಗೂ ನೆನಪಿನ ಈ ಸ್ವಭಾವ ತಿಳಿಯದೆ ಇರಲಿಲ್ಲ. ಪತಂಜಲಿ ಚಿತ್ತದ ಐದು ವೃತ್ತಿಗಳನ್ನು ಹೇಳುವಾಗ ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆಗಳ ಸಾಲಿನಲ್ಲಿ ಸ್ಮೃತಿಯನ್ನೂ ಸೇರಿಸುತ್ತಾನೆ. ಸರಿಯಾದ ಜ್ಞಾನ, ತಪ್ಪು ಜ್ಞಾನ, ನಿದ್ದೆ ಇವುಗಳಿಂದ ಬೇರೆಯಾದದ್ದೊಂದು ಚಟುವಟಿಕೆ ಅದು. ನ್ಯಾಯದರ್ಶನದವರು ಸ್ಮೃತಿಯನ್ನು ಪ್ರಮೆಯೆಂದು ಒಪ್ಪುವುದಿಲ್ಲ. ಹಿಂದಿನ ಅನುಭವವನ್ನೇ ಮತ್ತೆ ತರುವುದರಿಂದ ಅದಕ್ಕೆ ಸ್ವತಂತ್ರವಾದ ಅಧಿಕಾರವಿಲ್ಲ ಎಂಬುದು ಅವರ ವಾದ. ಅಕಲಂಕನೇ ಮೊದಲಾದ ಜೈನ ತಾರ್ಕಿಕರು ಇದನ್ನು ಒಪ್ಪಲಿಲ್ಲ. ಪರೋಕ್ಷ ಪ್ರಮಾಣಗಳ ಪಟ್ಟಿಯಲ್ಲಿ ಅವರು ಸ್ಮೃತಿಗೆ ಜಾಗ ಕೊಟ್ಟರು. ನೆನಪನ್ನೇ ನಂಬದಿದ್ದರೆ ಅನುಮಾನ ಮಾಡುವುದಾದರೂ ಹೇಗೆ? ಹೊಗೆ ಕಂಡಾಗ ಬೆಂಕಿ ನೆನಪಿಗೆ ಬರಬೇಕಲ್ಲ! ಉಡುಪಿಯ ಮಧ್ವಾಚಾರ್ಯರ ಪರಂಪರೆಯೂ ಸ್ಮೃತಿಯನ್ನು ಪ್ರಮಾಣವೆಂದೇ ಎಣಿಸುತ್ತದೆ. ತನ್ನ ಪಕ್ಷದ ನೆನಪೊಂದೂ ಶಾಸನಕ್ಕೆ ಏರದೆ ಹೋದ ಅಬಲೂರಿನ ಜೈನ ಸಮುದಾಯ ನೆನಪನ್ನು ಪ್ರಮಾಣವೆಂದು ಒಪ್ಪಿದ ಮತಕ್ಕೆ ಸೇರಿದ್ದೆಂಬುದು ಇತಿಹಾಸದ ಒಂದು ವ್ಯಂಗ್ಯ.

ಕನ್ನಡದ 'ನೆನೆ' ಎಂಬ ಧಾತುವಿನ ಬಗ್ಗೆಯೂ ಒಂದು ಮಾತು. ಮಳೆಯಲ್ಲಿ ನೆನೆಯುವುದಕ್ಕೂ ಹೋದವರನ್ನು ನೆನೆಯುವುದಕ್ಕೂ ನಾವು ಒಂದೇ ಪದ ಬಳಸುತ್ತೇವೆ. ಮೂಲದಲ್ಲಿ ಇವು ಬೇರೆ ಬೇರೆ. ತಮಿಳಿನಲ್ಲಿ ಇಂದಿಗೂ ಒದ್ದೆಯಾಗುವುದು 'ನನೈ', ಸ್ಮರಿಸುವುದು 'ನಿನೈ'. ಕನ್ನಡದಲ್ಲಿ ಎರಡೂ ಸವೆದು ಒಂದಾದವು. ಭಾಷಾಶಾಸ್ತ್ರಕ್ಕೆ ಇದು ಆಕಸ್ಮಿಕ. ಆದರೂ ಕಾಳು ನೆನೆಹಾಕಿದವರಿಗೆ ಗೊತ್ತು, ನೆನೆದದ್ದು ಹಿಂದಿನ ಗಾತ್ರದಲ್ಲಿ ಇರುವುದಿಲ್ಲ.

ಈಗ ಬಾಯಿಯ ನೆನಪಿಗೆ ಬರೋಣ. ಸರ್ವಜ್ಞನ ಕಾಲ ಹದಿನಾರನೆಯ ಶತಮಾನವೋ ಹದಿನೇಳನೆಯದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಐತಿಹ್ಯದ ಪ್ರಕಾರ ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮನೆತನದ ಮಲ್ಲಿ, ಅವನ ಹುಟ್ಟುಹೆಸರು ಪುಷ್ಪದತ್ತ. ಹೀಗಾಗಿ ಮಾಸೂರು, ಅಬಲೂರು ಎರಡಕ್ಕೂ ಅವನ ಮೇಲೆ ಹಕ್ಕಿದೆ. ಅವನ ಕೈಬರಹವಾಗಲಿ, ಅವನ ಕಾಲದ ಶಾಸನವಾಗಲಿ ನಮ್ಮ ಮುಂದಿಲ್ಲ. ಇರುವುದು ಪದ್ಯಗಳು. ಅವನ್ನು ಓಲೆಗರಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿ, ಶೋಧಿಸಿ, 1924ರಲ್ಲಿ ದೊಡ್ಡ ಸಂಪುಟವಾಗಿ ಹೊರತಂದವರು ಉತ್ತಂಗಿ ಚೆನ್ನಪ್ಪನವರು. ಅವರು ಕ್ರೈಸ್ತ ಧರ್ಮೋಪದೇಶಕರಾಗಿದ್ದರು ಎಂಬುದನ್ನು ಇಂದಿನ ಓದುಗರು ವಿಶೇಷವಾಗಿ ಗಮನಿಸಬೇಕು. ಒಬ್ಬ ಪಾದ್ರಿ ಊರೂರು ತಿರುಗಿ ಶೈವ ಸಂಸ್ಕಾರದ ಜಂಗಮಕವಿಯೊಬ್ಬನ ಪದ್ಯಗಳನ್ನು ಕಾಪಾಡದಿದ್ದರೆ ಎಷ್ಟು ಪದ್ಯಗಳು ಹೇಳಿದವರ ಜೊತೆಗೇ ಮಣ್ಣಾಗುತ್ತಿದ್ದವೋ!

ಅಲ್ಲಿಯವರೆಗೆ ಸುಮಾರು ಮುನ್ನೂರು ವರ್ಷ ಈ ಪದ್ಯಗಳು ಉಳಿದದ್ದು ಹೇಗೆ? ಉತ್ತರ ತ್ರಿಪದಿಯ ರಚನೆಯಲ್ಲಿಯೇ ಇದೆ. ಅಚ್ಚಗನ್ನಡದ ಈ ಛಂದಸ್ಸು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು, ಎಂದರೆ ಸುಮಾರು ಕ್ರಿ.ಶ. 700ರಷ್ಟು ಹಳೆಯದು. ಒಟ್ಟು ಹನ್ನೊಂದು ಅಂಶಗಣಗಳು. ಮೊದಲ ಸಾಲಿನಲ್ಲಿ ನಾಲ್ಕು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮಗಣ, ಉಳಿದವು ವಿಷ್ಣುಗಣ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಕೊನೆಯಲ್ಲಿ ಅಂಕಿತ. ಒಂದು ಶಬ್ದ ಮರೆತರೆ ಗಣ ಕುಂಟುತ್ತದೆ. ತಪ್ಪು ಶಬ್ದ ಹಾಕಿದರೆ ಪ್ರಾಸ ಕೆಡುತ್ತದೆ. ಹಾಡುವವರಿಗೆ ಕಿವಿಯೇ ಎಚ್ಚರಿಕೆ ಕೊಡುತ್ತದೆ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹೇಳುವ ರೂಢಿ ಬೇರೆ ಇದೆ. ಅದು ರಾಗಕ್ಕಾಗಿ ಬಂದದ್ದು ಎನ್ನುತ್ತಾರೆ. ಅಷ್ಟರಲ್ಲಿ ಮೂರನೆಯ ಸಾಲನ್ನು ನೆನಪಿನ ಆಳದಿಂದ ಮೇಲೆತ್ತಲು ಹಾಡುವವರಿಗೆ ಬಿಡುವೂ ಸಿಗುತ್ತದಲ್ಲವೇ!

ಇಲ್ಲಿ ಮನಶ್ಶಾಸ್ತ್ರದ ಒಂದು ಪ್ರಸಿದ್ಧ ಲೆಕ್ಕವನ್ನು ನೆನೆಯಬೇಕು. ನಮ್ಮ ಎಚ್ಚರದ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ಏಳು ಎಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆಮೇಲಿನ ಸಂಶೋಧಕರು ಅದನ್ನು ಇಳಿಸಿ ನಾಲ್ಕರ ಸುತ್ತ ತಂದಿದ್ದಾರೆ. ಫೋನ್ ನಂಬರನ್ನು ನಾವು ತುಂಡು ತುಂಡಾಗಿ ಹೇಳುವುದು ಇದೇ ಕಾರಣಕ್ಕೆ. ತ್ರಿಪದಿಯೂ ಹನ್ನೊಂದು ಗಣಗಳನ್ನು ನಾಲ್ಕು, ನಾಲ್ಕು, ಮೂರರ ತುತ್ತುಗಳಾಗಿ ಉಣಿಸುತ್ತದೆ. ಕಾಕತಾಳೀಯವೂ ಇರಬಹುದು. ಆದರೆ ನೂರಾರು ವರ್ಷ ಬಾಯಿಂದ ಬಾಯಿಗೆ ಹೋಗಿ ಉಳಿದ ಅಳತೆಯೊಂದು ಬಾಯಿಗೂ ಮನಸ್ಸಿಗೂ ಒಗ್ಗುವಂಥದೇ ಆಗಿರುವುದರಲ್ಲಿ ಆಶ್ಚರ್ಯವೇನು?

ತ್ರಿಪದಿಯ ನಿಜವಾದ ಮನೆ ಇದ್ದದ್ದು ಬೀಸುವ ಕಲ್ಲಿನ ಬಳಿ. ನಸುಕಿನಲ್ಲಿ ಎದ್ದು ಜೋಳ ಬೀಸುವ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು, ಅವೂ ತ್ರಿಪದಿಗಳೇ. ಈ ಹಾಡುಗಳನ್ನು ಬರೆದುಕೊಳ್ಳಲು ಹೋದವರಿಗೆಲ್ಲ ಪರಿಚಿತವಾದ ಒಂದು ತೊಡಕಿದೆ. ಸುಮ್ಮನೆ ಕುಳಿತು ಹೇಳಿ ಎಂದರೆ ಅಜ್ಜಿಗೆ ಹಾಡು ಬರುವುದಿಲ್ಲ. ಕಲ್ಲಿನ ಗೂಟವನ್ನು ಕೈಗೆ ಕೊಟ್ಟರೆ ಒಂದರ ಹಿಂದೊಂದು ಬರುತ್ತವೆ. ಹಾಗಾದರೆ ಹಾಡು ಎಲ್ಲಿತ್ತು? ತಲೆಯಲ್ಲೋ, ತೋಳಿನಲ್ಲೋ?

ಈ ಪ್ರಶ್ನೆಗೆ ಉತ್ತರ ಕೊಡಲು ನೆರವಾದ ಒಬ್ಬ ರೋಗಿಯ ಕಥೆ ವಿಜ್ಞಾನದಲ್ಲಿ ಬಹಳ ಪ್ರಸಿದ್ಧ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ತೀವ್ರ ಅಪಸ್ಮಾರವಿತ್ತು. 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಎರಡೂ ಬದಿಯ ಹಿಪೋಕ್ಯಾಂಪಸ್ ಭಾಗದ ಬಹುಪಾಲನ್ನು ತೆಗೆದರು. ರೋಗ ತಗ್ಗಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವನಿಗೆ ಹೊಸದಾಗಿ ನಡೆದ ಯಾವ ಸಂಗತಿಯೂ ನೆನಪಿನಲ್ಲಿ ನಿಲ್ಲಲಿಲ್ಲ. ಈಗ ಮಾತಾಡಿಸಿ ಹೋದವರು ಮರಳಿ ಬಂದರೆ ಹೊಸಬರೇ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದಬೇಕು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿದಿನವೂ ಅವನ ಪಾಲಿಗೆ ಅದು ಹಿಂದೆಂದೂ ಮಾಡದ ಕೆಲಸವಾಗಿತ್ತು! ಕೈ ಕಲಿತಿತ್ತು, ಕಲಿತದ್ದು ಅವನಿಗೆ ಗೊತ್ತಿರಲಿಲ್ಲ. ನೆನಪು ಎಂಬುದು ಒಂದಲ್ಲ, ಹಲವು ಎಂಬುದು ಅಂದು ಖಚಿತವಾಯಿತು.

ಇದನ್ನು ಅರಿವಿನ ಮೆಟ್ಟಿಲುಗಳ ಜೊತೆಗೆ ಹೊಂದಿಸಿ ತೋರಿಸಿದವರು ಕೆನಡಾದ ಎಂಡೆಲ್ ಟುಲ್ವಿಂಗ್. 1985ರ ಒಂದು ಲೇಖನದಲ್ಲಿ ಅವರು ಮೂರು ಬಗೆಯ ನೆನಪಿಗೆ ಮೂರು ಬಗೆಯ ಅರಿವನ್ನು ಹೇಳಿದರು. ಕೈಗೆ, ಮೈಗೆ ಗೊತ್ತಿರುವುದು ಮೊದಲನೆಯದು. ಸೈಕಲ್ ತುಳಿಯುವುದು, ಕಲ್ಲು ತಿರುವುವುದು. ಅಲ್ಲಿ 'ನನಗೆ ಗೊತ್ತಿದೆ' ಎಂಬ ಅರಿವೂ ಬೇಕಾಗಿಲ್ಲ. ಎರಡನೆಯದು ಸಂಗತಿಗಳ ತಿಳಿವಳಿಕೆ. ಸರ್ವಜ್ಞ ತ್ರಿಪದಿ ಬರೆದ ಎಂಬುದು ನಮಗೆ ಗೊತ್ತು, ಆದರೆ ಅದನ್ನು ಯಾವ ದಿನ ಯಾರಿಂದ ಕಲಿತೆವೆಂಬುದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೂರನೆಯದು ನಿಜವಾದ ಸ್ಮರಣೆ. ಅಂದು ಮಳೆ ಬರುತ್ತಿತ್ತು, ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದ, ಈ ಪದ್ಯ ಹೇಳಿ ನಕ್ಕ ಎಂದು ಆ ಗಳಿಗೆಯೊಳಗೆ ತಾನು ಇದ್ದುದನ್ನು ತಾನೇ ಮರಳಿ ಕಾಣುವುದು. ಇದರಲ್ಲಿ ನೆನೆಯುವ 'ನಾನು' ಕೂಡ ನೆನಪಿನ ಭಾಗ.

ಈ ಮೂರನೆಯದು ಹೋದರೆ ಏನಾಗುತ್ತದೆ? ಟುಲ್ವಿಂಗ್ ಅಭ್ಯಾಸ ಮಾಡಿದ ಕೆ.ಸಿ. ಎಂಬ ರೋಗಿ 1981ರಲ್ಲಿ ಮೋಟಾರ್ ಸೈಕಲ್ ಅಪಘಾತಕ್ಕೆ ಸಿಕ್ಕವನು. ಅವನಿಗೆ ಭಾಷೆ, ಲೆಕ್ಕ, ಶಾಲೆಯಲ್ಲಿ ಕಲಿತದ್ದು ಎಲ್ಲ ಉಳಿದಿತ್ತು. ತನ್ನ ಬಾಳಿನ ಒಂದು ಗಳಿಗೆಯನ್ನೂ ಮರಳಿ ಕಾಣಲು ಮಾತ್ರ ಆಗುತ್ತಿರಲಿಲ್ಲ. ಅಚ್ಚರಿಯೆಂದರೆ, ನಾಳೆ ಏನು ಮಾಡುವಿರಿ ಎಂದು ಕೇಳಿದರೂ ಅವನ ಮನಸ್ಸು ಖಾಲಿಯಾಗಿರುತ್ತಿತ್ತು. ನಿನ್ನೆಯನ್ನು ಕಟ್ಟುವ ಮಣ್ಣಿನಿಂದಲೇ ಮನಸ್ಸು ನಾಳೆಯನ್ನೂ ಕಟ್ಟುತ್ತದೆ. ಬಾರ್ಟ್ಲೆಟ್ ಹೇಳಿದ 'ಹೊಸದಾಗಿ ಕಟ್ಟುವ' ಗುಣ ನೆನಪಿನ ದೋಷವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆ ಗುಣವಿಲ್ಲದಿದ್ದರೆ ಯೋಜನೆ, ಆಸೆ, ಭಯ ಯಾವುದೂ ಇರುತ್ತಿರಲಿಲ್ಲ.

ಎರಡನೆಯ ಮೆಟ್ಟಿಲಿನ ಇನ್ನೊಂದು ಗುಣ ಸರ್ವಜ್ಞನ ವಿಷಯದಲ್ಲಿ ಬಹಳ ಮುಖ್ಯ. ಮನಸ್ಸು ಮಾತನ್ನು ಇಟ್ಟುಕೊಂಡು, ಮಾತು ಬಂದ ದಾರಿಯನ್ನು ಬೇಗ ಬಿಟ್ಟುಬಿಡುತ್ತದೆ. ಸುದ್ದಿ ನೆನಪಿರುತ್ತದೆ, ಅದನ್ನು ಪತ್ರಿಕೆಯಲ್ಲಿ ಓದಿದೆವೋ, ಬಸ್ಸಿನಲ್ಲಿ ಯಾರೋ ಹೇಳಿದರೋ ನೆನಪಿರುವುದಿಲ್ಲ. ಮೂಲ ತಪ್ಪಿದ ಮಾತಿಗೆ ಮನಸ್ಸು ತಕ್ಕ ಒಡೆಯನನ್ನು ತಾನೇ ಹುಡುಕಿಕೊಡುತ್ತದೆ. ಸರ್ವಜ್ಞನ ಹೆಸರಿನಲ್ಲಿ ಇಂದು ಎರಡು ಸಾವಿರದಷ್ಟು ತ್ರಿಪದಿಗಳು ಓಡಾಡುತ್ತಿವೆ. ನೀತಿ, ಒಗಟು, ವೈದ್ಯ, ಬೇಸಾಯ, ಜಾತಿಯ ಟೀಕೆ, ಕೆಲವೆಡೆ ಅದಕ್ಕೆ ತದ್ವಿರುದ್ಧವಾದ ಮಾತು, ಎಲ್ಲವೂ ಅಲ್ಲಿವೆ. ಎಲ್ಲವೂ ಒಬ್ಬನದೇ ಎಂದು ಯಾವ ವಿದ್ವಾಂಸರೂ ಆಣೆ ಮಾಡಲಾರರು. ಚೆನ್ನಾದ ತ್ರಿಪದಿಯೊಂದು ಕಿವಿಗೆ ಬಿದ್ದರೆ, ಇದು ಸರ್ವಜ್ಞನದೇ ಇರಬೇಕು ಎಂದು ಮನಸ್ಸು ನಿರ್ಣಯಿಸುತ್ತದೆ. ಮುಂದಿನ ಸಲ ಹೇಳುವಾಗ ಅಂಕಿತವೂ ಸೇರಿಕೊಂಡಿರುತ್ತದೆ. ಹೀಗೆ ಒಬ್ಬ ಕವಿಯ ಹೆಸರು ಒಂದು ಜನಾಂಗದ ಬುದ್ಧಿಯ ಹೆಸರಾಯಿತು. ಎಲ್ಲರಿಂದ ಒಂದೊಂದು ಮಾತು ಕಲಿತವನು ತಾನೆಂದು ಅವನ ಹೆಸರಿನ ಪದ್ಯವೇ ಹೇಳಿಕೊಳ್ಳುವುದರಿಂದ ಅವನಿಗೆ ಇದರಲ್ಲಿ ಆಕ್ಷೇಪ ಇರಲಿಕ್ಕಿಲ್ಲ.

ಬಾಯಿಯ ನೆನಪೆಲ್ಲ ಹೀಗೆಯೇ ಬದಲಾಗುತ್ತದೆಂದು ತಿಳಿಯಬಾರದು. ವೇದವನ್ನು ಪದ, ಕ್ರಮ, ಜಟಾ, ಘನ ಎಂದು ಹಿಂದೆ ಮುಂದೆ ಹೆಣೆದು ಹೇಳುವ ಪಾಠಗಳಿವೆ. ಅಲ್ಲಿ ಒಂದು ಸ್ವರವೂ ಜಾರದಂತೆ ಕಾವಲು. ಅದಕ್ಕೆ ಬೇಕಾದ ವರ್ಷಗಟ್ಟಲೆ ಬಿಡುವು ಮತ್ತು ಗುರುಕುಲ ಕೆಲವರಿಗೆ ಮಾತ್ರ ದಕ್ಕುತ್ತಿತ್ತು. ಕುಂಬಾರನ ಚಕ್ರದ ಬಳಿ, ಒಕ್ಕಣೆಯ ಕಣದಲ್ಲಿ ಇದ್ದವರ ಪಾಲಿಗೆ ಇದ್ದದ್ದು ತ್ರಿಪದಿ. ನಮ್ಮ ಕಾಲದಲ್ಲಿ ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳನ್ನು ನೋಡಿದವರು, ಎಂಥ ಜ್ಞಾಪಕಶಕ್ತಿ ಎಂದು ಬೆರಗಾಗುತ್ತಾರೆ. ಆದರೆ ಅವಧಾನ ಎಂಬ ಪದದ ಅರ್ಥ ಜ್ಞಾಪಕವಲ್ಲ, ಗಮನ. ಪದ್ಯದ ಸಾಲುಗಳನ್ನು ಮನಸ್ಸಿನಲ್ಲೇ ಕಟ್ಟುತ್ತ, ನಡುನಡುವೆ ಅಪ್ರಸ್ತುತ ಪ್ರಸಂಗಿಗೆ ಉತ್ತರ ಕೊಡುತ್ತ, ಗಂಟೆಯ ಸದ್ದನ್ನೂ ಎಣಿಸಬೇಕು. ಗಮನದ ಬಾಗಿಲನ್ನು ದಾಟದೆ ನೆನಪಿನ ಮನೆಗೆ ಏನೂ ಹೋಗುವುದಿಲ್ಲ ಎಂಬುದನ್ನು ಆ ಹೆಸರೇ ಹೇಳುತ್ತದೆ.

ಹೋದದ್ದು ನೆಲೆಯೂರುವುದು ಮಾತ್ರ ಎಚ್ಚರದಲ್ಲಿ ಅಲ್ಲ. ಮಾಂಡೂಕ್ಯ ಉಪನಿಷತ್ತು ಜಾಗೃತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ನಾಲ್ಕು ಅವಸ್ಥೆಗಳನ್ನು ಹೇಳಿತು. ತುರೀಯದ ವಿಚಾರ ಪ್ರಯೋಗಶಾಲೆಗೆ ನಿಲುಕುವುದಲ್ಲ. ಆದರೆ ನಿದ್ದೆಯ ಬಗ್ಗೆ ಒಂದಿಷ್ಟು ತಿಳಿದಿದೆ. ಉತ್ತಂಗಿಯವರ ಸಂಪುಟ ಬಂದ 1924ರಲ್ಲಿಯೇ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಇಬ್ಬರು, ಕಲಿತ ಕೂಡಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆಂದು ತೋರಿಸಿದರು. ನಿದ್ದೆಯಲ್ಲಿ ಮೆದುಳು ಹಗಲಿನ ಅನುಭವವನ್ನು ತಿರುವಿಹಾಕಿ ಗಟ್ಟಿ ಮಾಡುತ್ತದೆಂಬುದನ್ನು ಆಮೇಲಿನ ಸಂಶೋಧನೆಗಳು ಬಲಪಡಿಸಿವೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವ ಮಕ್ಕಳ ತಂದೆತಾಯಿಗಳು ಇದನ್ನು ತಿಳಿದಿದ್ದರೆ ಒಳ್ಳೆಯದು.

ಅರಿವಿನ ಕೆಳಗೆ ಇಷ್ಟೆಲ್ಲ ನಡೆಯುವುದರಿಂದ, ಅಲ್ಲಿ ಸತ್ಯವೆಲ್ಲ ಹೂತಿಟ್ಟಂತೆ ಇದೆ, ಎಚ್ಚರದ ಮುಚ್ಚಳ ತೆಗೆದರೆ ಹೊರಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಬರೀ ತತ್ತ್ವದ ಮಾತಲ್ಲ. ಮನುಷ್ಯರ ಸ್ವಾತಂತ್ರ್ಯದ ಮಾತು. 2000ದ ನಂತರದ ವರ್ಷಗಳಲ್ಲಿ ಆರೋಪಿಗಳಿಗೆ ಸೋಡಿಯಂ ಪೆಂಟೊಥಾಲ್ ಚುಚ್ಚಿ, ಅರೆಎಚ್ಚರದಲ್ಲಿ ಪ್ರಶ್ನೆ ಕೇಳುವ ಮಂಪರು ಪರೀಕ್ಷೆ ಕರ್ನಾಟಕದಲ್ಲಿ ಬಹಳ ಸುದ್ದಿ ಮಾಡಿತು. ಅರೆಮಂಪರಿನ ತೊದಲು ಮಾತುಗಳನ್ನು ಟಿ.ವಿ.ಯಲ್ಲಿ ಕಂಡು, ಸತ್ಯ ಹೊರಬಿತ್ತು ಎಂದು ಜನ ನಂಬಿದರು. ಕೊನೆಗೆ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್‌ಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸುವಂತಿಲ್ಲ. ಸಂವಿಧಾನದ 20(3) ಮತ್ತು 21ನೆಯ ವಿಧಿಗಳು ಅದಕ್ಕೆ ಆಧಾರ.

ಕಾನೂನಿನ ಮಾತು ಹಾಗಿರಲಿ, ನೆನಪಿನ ವಿಜ್ಞಾನವೂ ಅದೇ ಕಡೆಗೆ ಬೆರಳು ತೋರಿಸುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಎಂದು ಕೆಲವರಿಗೆ, 'ನುಜ್ಜುಗುಜ್ಜಾದಾಗ' ಎಷ್ಟಿತ್ತು ಎಂದು ಕೆಲವರಿಗೆ ಕೇಳಿದರು. ಎರಡನೆಯ ಮಾತು ಕೇಳಿದವರು ಹೆಚ್ಚಿನ ವೇಗ ಹೇಳಿದರು. ಒಂದು ವಾರದ ಬಳಿಕ, ಇರದೇ ಇದ್ದ ಒಡೆದ ಗಾಜನ್ನು ಕಂಡೆವು ಎಂದವರೂ ಅವರಲ್ಲಿಯೇ ಹೆಚ್ಚು. ಪ್ರಶ್ನೆಯ ಒಂದು ಶಬ್ದ ನೆನಪಿನೊಳಗೆ ಹೋಗಿ ಸೇರಿಕೊಂಡಿತ್ತು. ಎಚ್ಚರದಲ್ಲಿದ್ದವರ ಗತಿಯೇ ಹೀಗಾದರೆ, ಮದ್ದಿನ ಮಂಪರಿನಲ್ಲಿ ಪೊಲೀಸರ ಪ್ರಶ್ನೆಗೆ ಉತ್ತರಿಸುವವನ ನೆನಪು ಎಷ್ಟರ ಮಟ್ಟಿಗೆ ಅವನದು? ಕೆಳಗಿನ ಮೆಟ್ಟಿಲಲ್ಲಿ ಇರುವುದು ಅಪ್ಪಟ ಸತ್ಯವಲ್ಲ. ಅದೂ ಕಟ್ಟಡದ ಸಾಮಗ್ರಿಯೇ.

ಹಾಗೆಂದು ನೆನಪನ್ನೆಲ್ಲ ಸುಳ್ಳೆಂದು ತಳ್ಳಿಬಿಡುವುದು ಇನ್ನೊಂದು ಅತಿ. ಅಬಲೂರಿನ ಶಾಸನ ಬಿಜ್ಜಳ, ಸೋಮೇಶ್ವರ, ಕಾಮದೇವರ ಅನುಕ್ರಮವನ್ನು ಕೆಡಿಸಿಲ್ಲ. ಜೈನರ ಬಸದಿ ಆ ಊರಿನಲ್ಲಿತ್ತು, ಅದು ಹೋಯಿತು, ಜಗಳ ದೊಡ್ಡದಾಗಿ ಅರಮನೆಯವರೆಗೆ ಮುಟ್ಟಿತು ಎಂಬುದು ಪವಾಡದ ಮಾತುಗಳ ನಡುವೆಯೂ ನಿಚ್ಚಳವಾಗಿ ಕಾಣುತ್ತದೆ. ತಲೆಯ ಪವಾಡವನ್ನು ನಂಬುವವರೂ ನಂಬದವರೂ ಇದನ್ನು ಒಪ್ಪಬೇಕು. ಇಂದು ಯಾವ ಪಕ್ಷದವರಾದರೂ ಹಳೆಯ ಗಾಯವನ್ನು ಕೆರೆಯಲು ಈ ಕಲ್ಲನ್ನು ಬಳಸುವ ಮೊದಲು, ಅದು ಒಂದು ಪಕ್ಷ ನೆನೆದ ರೀತಿ ಎಂಬುದನ್ನೂ, ಆ ಪಕ್ಷಕ್ಕೆ ಅಂದು ದಾನದ ಭೂಮಿಯ ಹಕ್ಕು ಸ್ಥಾಪಿಸುವ ಅಗತ್ಯವಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳಿತು.

ಇನ್ನೊಂದು ವಿಷಯ ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ವಯಸ್ಸಾದವರು ಮಕ್ಕಳ ಹೆಸರು ತಪ್ಪಿದರೆ, ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ನಾವು 'ಅರಳುಮರಳು' ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಅದರ ಹಿಂದೆ ಆಲ್‌ಝೈಮರ್‌ನಂತಹ ಕಾಯಿಲೆ ಇರಬಹುದೆಂಬ ತಿಳಿವಳಿಕೆ ಹಳ್ಳಿಗಳಿಗೆ ಈಗೀಗ ಬರುತ್ತಿದೆ. ಆ ಕಾಯಿಲೆ ಮೊದಲು ಹೊಡೆಯುವುದು ಟುಲ್ವಿಂಗ್ ಹೇಳಿದ ಮೂರನೆಯ ಮೆಟ್ಟಿಲಿಗೆ. ಹಿಪೋಕ್ಯಾಂಪಸ್ ಭಾಗ ಬೇಗ ಸವೆಯುತ್ತದೆ. ಬೆಳಿಗ್ಗೆ ಬಂದವರು ಯಾರೆಂದು ಹೇಳಲಾರದ ಅಜ್ಜಿ ಹಳೆಯ ಹಾಡನ್ನು ಪೂರ್ತಿ ಹೇಳುವುದನ್ನು ಕಂಡು ಮನೆಯವರು, 'ಬೇಕಾದದ್ದು ಮಾತ್ರ ನೆನಪಿರುತ್ತೆ ನೋಡಿ' ಎಂದು ಬೇಸರಪಡುವುದುಂಟು. ಅಜ್ಜಿಯ ತಪ್ಪೇನೂ ಇಲ್ಲ. ಲಯದ ಜೊತೆ, ಕೈಯ ಜೊತೆ ಕಲಿತದ್ದು ಬೇರೆ ಕೋಣೆಯಲ್ಲಿದೆ, ಅಲ್ಲಿಗೆ ಬೆಂಕಿ ತಡವಾಗಿ ಮುಟ್ಟುತ್ತದೆ. ಏನಾದರೂ ಹೇಳಜ್ಜಿ ಎಂದು ಪೀಡಿಸಿದರೆ ಆಕೆಗೆ ಗಾಬರಿಯಾಗುತ್ತದೆ. ಹಾಡಿನ ಮೊದಲ ಸಾಲನ್ನು ನಾವೇ ಎತ್ತಿಕೊಟ್ಟು, ಎರಡನೆಯದನ್ನು ಎರಡು ಸಲ ಹೇಳಿ ಸ್ವಲ್ಪ ಕಾದರೆ, ಮೂರನೆಯದು ಎಷ್ಟೋ ಸಲ ತಾನಾಗಿ ಬರುತ್ತದೆ.